ಪಾಕಸಂಕರವು ದೋಷವೇ?

ಪರದೇಶದವರ ಭಾಷೆಯನ್ನು ಕಲಿಯುವುದಕ್ಕೆ ವರ್ಷಗಳು ಬೇಕು. ಅವರ ಅಡಿಗೆಯನ್ನು ರುಚಿನೋಡುವುದಕ್ಕೆ ಒಂದು ತುತ್ತು ಸಾಕು. ಆದುದರಿಂದಲೇ ಜನಾಂಗಗಳು ಒಂದರೊಡನೊಂದು ಕೂಡುವಾಗ ಎಲ್ಲಕ್ಕೂ ಮೊದಲು ಬೆರೆಯುವುದು ಅಡಿಗೆಮನೆ. ಈ ಬೆರಕೆಯು ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ನಾಲಗೆಯ ಚಾಪಲ್ಯಕ್ಕೆ ಸಂಬಂಧಿಸಿದುದಾಗಿ ತೋರಿದರೂ, ಒಳಹೊಕ್ಕು ನೋಡಿದರೆ ಅದು ಧರ್ಮಜಿಜ್ಞಾಸೆಯೇ ಆಗಿರುವುದು.

ಅಮೇರಿಕಾ ದೇಶದ ಲಾಸ್ ಏಂಜಲೀಸ್ ನಗರದಲ್ಲಿ ಥಾಯ್‌ಲೆಂಡಿನಿಂದ ಬಂದು ನೆಲಸಿದವರ ಕೇರಿಯೊಂದುಂಟು. ೧೯೯೯ರಲ್ಲಿ ನಗರಸಭೆಯವರು ಅದಕ್ಕೆ ಥಾಯ್ ಟೌನ್ ಎಂಬ ಹೆಸರನ್ನು ಅಧಿಕೃತವಾಗಿ ಕೊಟ್ಟರು. ಅಲ್ಲಿಗೆ ಕೆಲವೇ ಮೈಲಿಗಳ ದೂರದಲ್ಲಿ ಜಪಾನಿನವರ ಹಳೆಯ ಕೇರಿಯಾದ ಲಿಟ್ಲ್ ಟೋಕಿಯೋ ಇರುವುದು. ತಮ್ಮ ತಮ್ಮ ದೇಶಗಳಲ್ಲಿ ಸಮುದ್ರದಿಂದ ಬೇರ್ಪಟ್ಟಿದ್ದ ಎರಡು ಜನಾಂಗಗಳು ಹೀಗೆ ಪರದೇಶದಲ್ಲಿ ನೆರೆಹೊರೆಯವರಾದುವು. ನೆರೆಹೊರೆಯಾದ ಮೇಲೆ ಉಪ್ಪು ಹುಳಿಗಳ ಕೊಡುಕೊಳ್ಳುವಿಕೆಯು ತಪ್ಪದಷ್ಟೆ. ಈಗ ಆ ದೇಶದ ಅನೇಕ ಊರುಗಳಲ್ಲಿ ಥಾಯ್ ಮತ್ತು ಜಪಾನೀ ಅಡಿಗೆಗಳೆರಡನ್ನೂ ಒಂದೇ ಸೂರಿನ ಕೆಳಗೆ ಬಡಿಸುವ ಸಾಧಾರಣ ದರ್ಜೆಯ ಹೋಟೆಲುಗಳು ಇವೆ.

ಅಂತಹ ಹೋಟೆಲಿನಲ್ಲಿ ಆಡಂಬರವೇನೂ ಇರುವುದಿಲ್ಲ. ಮೇಜಿಗೆ ಹೊದಿಕೆಯಿಲ್ಲ; ಉಡುಪಿನ ಕಟ್ಟುನಿಟ್ಟಿಲ್ಲ. ಒಂದು ಮೂಲೆಯ ಕಟ್ಟೆಯ ಹಿಂದೆ ಒಬ್ಬನು ವಿನೆಗರ್ ಬೆರಸಿದ ಅನ್ನವನ್ನು ಅಂಗೈಯಲ್ಲಿ ಒತ್ತಿ ಸುಷಿಯನ್ನು ಕಟ್ಟುತ್ತಿರುವನು. ಒಳಗಡೆ ದೊಡ್ಡ ಬಾಣಲೆಯಲ್ಲಿ ತುಳಸಿಯ ಜಾತಿಯ ಎಲೆಯೂ ಹಸಿಮೆಣಸಿನಕಾಯಿಯೂ ಚಟಪಟ ಸಿಡಿಯುತ್ತಿರುವುವು. ತಿನಿಸುಗಳ ಪಟ್ಟಿಯಲ್ಲಿ ಒಂದು ಕಡೆ ಆ ದೇಶದವು, ಇನ್ನೊಂದು ಕಡೆ ಈ ದೇಶದವು. ಎರಡರ ನಡುವೆ ಯಾವ ದೇಶಕ್ಕೂ ಪೂರ್ತಿ ಸೇರದ ಕೆಲವು. ಥಾಯ್‌ಲೆಂಡಿನ ಟೋಮ್ ಯಾಮ್ ಎಂಬ ಹುಳಿಖಾರದ ಸಾರಿನಲ್ಲಿ ಜಪಾನಿನ ರಾಮೆನ್ ಶಾವಿಗೆ. ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಮೇಲೆ ಕಾಯಿಹಾಲಿನ ಹಸುರು ಮಸಾಲೆ. ವಿದ್ಯಾರ್ಥಿಗಳು, ಕೂಲಿಯವರು, ಮಕ್ಕಳೊಂದಿಗರು ಬರುತ್ತಾರೆ, ಉಣ್ಣುತ್ತಾರೆ, ಹಣ ತೆತ್ತು ಹೋಗುತ್ತಾರೆ. ತಾವು ಉಂಡ ತಟ್ಟೆಯಲ್ಲಿ ವಾದವೊಂದು ಅಡಗಿದೆಯೆಂದು ಅವರಿಗೆ ತೋರುವುದಿಲ್ಲ.

ಆ ವಾದದ ಪೂರ್ವಪಕ್ಷವನ್ನು ಮೊದಲು ಕೇಳುವುದು ನ್ಯಾಯ. ಪೂರ್ವಪಕ್ಷದವರು ಹೇಳುವುದೇನೆಂದರೆ: ಪ್ರತಿಯೊಂದು ದೇಶದ ಪಾಕಕ್ಕೂ ಅದರದೇ ಆದ ಒಂದು ಸ್ವಭಾವವುಂಟು. ಜಪಾನಿನ ಅಡಿಗೆಯ ಸ್ವಭಾವವು ಸಂಯಮ. ಒಂದು ಪದಾರ್ಥದ ಸಹಜ ರುಚಿಗೆ ಇನ್ನೊಂದು ಅಡ್ಡಬರಬಾರದೆಂಬುದೇ ಅಲ್ಲಿಯ ಸೂದರ ವ್ರತ. ಥಾಯ್ ಅಡಿಗೆಯ ಸ್ವಭಾವವಾದರೋ ಸಮಾವೇಶ. ಹುಳಿ, ಉಪ್ಪು, ಸಿಹಿ, ಖಾರಗಳು ಒಂದೇ ಬಟ್ಟಲಿನಲ್ಲಿ ಕೂಡಿ, ಯಾವುದೂ ಸೋಲದೆ ಯಾವುದೂ ಗೆಲ್ಲದೆ ನಿಲ್ಲಬೇಕು. ಅದಕ್ಕಾಗಿ ಮಜ್ಜಿಗೆಹುಲ್ಲು, ಶುಂಠಿಯ ಬಳಗದ ಗೆಡ್ಡೆ, ಮೆಣಸಿನಕಾಯಿ ಇವುಗಳನ್ನು ಒರಳಿನಲ್ಲಿ ಕುಟ್ಟಿ ಹದಮಾಡುವರು. ಅವರ ಅಕ್ಕಿ ಉದ್ದನೆಯದು, ಉದುರಾಗುವುದು. ಇವರದು ಗಿಡ್ಡ, ಅಂಟಿಕೊಳ್ಳುವುದು. ಅವರು ಚಮಚ ಮುಳ್ಳುಗಳಿಂದ ಉಂಡು, ಶಾವಿಗೆಗೆ ಮಾತ್ರ ಕಡ್ಡಿಗಳನ್ನು ಹಿಡಿಯುವರು. ಇವರಿಗೆ ಎಲ್ಲಕ್ಕೂ ಕಡ್ಡಿಯೇ. ಒಂದು ಏಕಾಂತದ ವೀಣೆ, ಇನ್ನೊಂದು ಮಂಗಳವಾದ್ಯದ ಮೇಳ. ಎರಡನ್ನೂ ಒಟ್ಟಿಗೆ ನುಡಿಸಿದರೆ ವೀಣೆಯು ಕೇಳಿಸದೆ ಹೋಗುವುದು. ಮೇಳಕ್ಕೂ ಹೆಚ್ಚಿನ ಲಾಭವಾಗದು.

ಇದು ಕೆಲವರು ಹಳಬರ ಗೊಣಗಾಟವೆಂದು ತಳ್ಳಿಬಿಡುವ ಹಾಗಿಲ್ಲ. ಯುನೆಸ್ಕೋ ಸಂಸ್ಥೆಯು ೨೦೧೩ರಲ್ಲಿ ಜಪಾನಿನ ಪಾಕಸಂಪ್ರದಾಯವನ್ನೂ, ೨೦೨೪ರಲ್ಲಿ ಥಾಯ್‌ಲೆಂಡಿನ ಸಿಗಡಿಯ ಟೋಮ್ ಯಾಮ್ ಸಾರನ್ನೂ ಮನುಕುಲದ ಪರಂಪರೆಯ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಸೇರಿಸಿತು. ೨೦೦೬ರಲ್ಲಿ ಜಪಾನಿನ ಕೃಷಿಖಾತೆಯವರು ಪರದೇಶಗಳ ಜಪಾನೀ ಹೋಟೆಲುಗಳನ್ನು ಪರೀಕ್ಷಿಸಿ, ಯೋಗ್ಯವಾದುವುಗಳಿಗೆ ಪ್ರಮಾಣಪತ್ರ ಕೊಡಬೇಕೆಂದು ಯೋಚಿಸಿದರು. ಪರದೇಶದ ಪತ್ರಿಕೆಗಳು ಇದನ್ನು ‘ಸುಷಿ ಪೊಲೀಸು’ ಎಂದು ಹಾಸ್ಯಮಾಡಿದುವು. ಯೋಜನೆಯು ಮೊದಲಿನ ರೂಪದಲ್ಲಿ ನಿಲ್ಲಲಿಲ್ಲ. ಹಾಸ್ಯವು ಸುಲಭ, ಆದರೆ ಆ ಯೋಜನೆಯ ಹಿಂದೆ ಒಂದು ವ್ಯಥೆ ಇದ್ದಿತೆಂಬುದನ್ನು ಮರೆಯಬಾರದು. ದೇಶವನ್ನು ಬಿಟ್ಟವನಿಗೆ ಮೊದಲು ಮನೆಯು ತಪ್ಪುವುದು. ಆಮೇಲೆ ಮಕ್ಕಳ ಬಾಯಿಂದ ಭಾಷೆಯು ಜಾರುವುದು. ಕಡೆಗೆ ಉಳಿಯುವುದು ನಾಲಗೆಯ ನೆನಪೊಂದೇ. ಅದನ್ನೂ ಇನ್ನೊಂದರೊಡನೆ ಕಲಸಿಬಿಟ್ಟರೆ ಅವನಿಗೆ ತನ್ನದೆಂದು ಹೇಳಿಕೊಳ್ಳಲು ಏನು ಉಳಿಯಿತು? ಈ ಮಾತಿಗೆ ಉತ್ತರ ಕೊಡದೆ ಸಂಕರವನ್ನು ಹೊಗಳುವುದು ವಿವೇಕವಾಗಲಾರದು.

ಇನ್ನು ಉತ್ತರಪಕ್ಷ. ಬೆರಕೆಯಿಂದ ಕೆಡುವುದು ಶುದ್ಧವಾದ ವಸ್ತು ಎಂದಾದರೆ, ಆ ಶುದ್ಧವಸ್ತು ಎಲ್ಲಿದೆ ಎಂಬುದನ್ನು ಮೊದಲು ತೋರಿಸಬೇಕಾಗುವುದು. ಖಾರವಿಲ್ಲದ ಥಾಯ್ ಅಡಿಗೆಯನ್ನು ಈಗ ಯಾರೂ ಊಹಿಸರು. ಆದರೆ ಮೆಣಸಿನಕಾಯಿಯು ಅಮೇರಿಕಾ ಖಂಡದ ಗಿಡ. ಪೋರ್ಚುಗೀಸರ ಹಡಗುಗಳು ಪೂರ್ವದೇಶಗಳಿಗೆ ಬರುವವರೆಗೂ ಏಷ್ಯಾಖಂಡದಲ್ಲಿ ಅದನ್ನು ಕಂಡವರಿಲ್ಲ. ಥಾಯ್ ಭಾಷೆಯಲ್ಲಿ ‘ಫ್ರಿಕ್’ ಎಂಬುದು ಮೊದಲು ಕಾಳುಮೆಣಸಿನ ಹೆಸರಾಗಿದ್ದಿತು. ಹೊಸದಾಗಿ ಬಂದ ಕಾಯಿ ಆ ಹೆಸರನ್ನು ಕಸಿದುಕೊಂಡಿತು. ಹಳೆಯ ಕಾಳು ‘ಫ್ರಿಕ್ ಥಾಯ್’, ಎಂದರೆ ಥಾಯ್ ಮೆಣಸು, ಎನಿಸಿಕೊಂಡು ತನ್ನ ಮನೆಯಲ್ಲಿ ತಾನೇ ಗುರುತು ಹೇಳಿಕೊಳ್ಳಬೇಕಾಯಿತು. ಕನ್ನಡದಲ್ಲಿ ನಡೆದುದೂ ಇದೇ ಅಲ್ಲವೆ? ಮೆಣಸು ಎಂಬ ಹೆಸರಿನ ಮೇಲೆಯೇ ಮೆಣಸಿನಕಾಯಿ ಹುಟ್ಟಿತು. ನಾಡಿನ ಹಳೆಯ ಮೆಣಸಿಗೆ ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಬೇಕಾಯಿತು. ಸೋಮೇಶ್ವರನ ಮಾನಸೋಲ್ಲಾಸದ ರಾಜಭೋಜನದಲ್ಲಾಗಲಿ, ೧೫೦೮ರ ಮಂಗರಸನ ಸೂಪಶಾಸ್ತ್ರದಲ್ಲಾಗಲಿ ಈಗಿನ ಮೆಣಸಿನಕಾಯಿ ಇಲ್ಲ. ಆದರೂ ಬ್ಯಾಡಗಿಯ ಮೆಣಸಿನಕಾಯಿಯನ್ನು ಪರದೇಶದ್ದೆಂದು ಸಾರಿನಿಂದ ಹೊರಹಾಕುವ ಗೃಹಿಣಿ ಯಾರು?

ಜಪಾನಿನ ಕಡೆಗೆ ನೋಡಿದರೂ ಹೀಗೆಯೇ. ಹಿಟ್ಟಿನಲ್ಲದ್ದಿ ಎಣ್ಣೆಯಲ್ಲಿ ಕರಿಯುವ ತೆಂಪುರವು ಜಪಾನಿನ ಹೆಮ್ಮೆಯ ತಿನಿಸು; ಆ ಕರಿಯುವ ಕ್ರಮವು ೧೫೪೩ರಲ್ಲಿ ಅಲ್ಲಿಗೆ ಬಂದಿಳಿದ ಪೋರ್ಚುಗೀಸರಿಂದ ಕಲಿತುದು. ರಾಮೆನ್ ಶಾವಿಗೆಯು ಚೀನದಿಂದ ಹೋದುದು. ಇವೆಲ್ಲಕ್ಕಿಂತಲೂ ವಿಸ್ಮಯಕರವಾದುದು ಸುಷಿಯ ವಂಶಾವಳಿ. ಈಗಿನಂತೆ ಅನ್ನದ ಮುದ್ದೆಯ ಮೇಲೆ ಮೀನಿನ ಹೋಳನ್ನಿಟ್ಟು ಕೊಡುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎಡೋ ನಗರದಲ್ಲಿ, ಎಂದರೆ ಈಗಿನ ಟೋಕಿಯೋದಲ್ಲಿ, ರೂಢಿಗೆ ಬಂದುದು. ಅದಕ್ಕೂ ಹಿಂದಿನ ಸುಷಿಯು ಉಪ್ಪುಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಹುಳಿಯಿಡುವ ಒಂದು ಬಗೆಯ ಉಪ್ಪಿನಕಾಯಿ. ಬೀವಾ ಸರೋವರದ ಸುತ್ತಮುತ್ತ ಅದು ಇಂದಿಗೂ ಉಳಿದಿದೆ. ಈ ಹುಳಿಯಿಡುವ ವಿದ್ಯೆಯು ಮೆಕಾಂಗ್ ನದಿಯ ಪ್ರಾಂತದ ಗದ್ದೆಯ ಬೇಸಾಯಗಾರರಲ್ಲಿ ಹುಟ್ಟಿ ಜಪಾನಿಗೆ ಹೋಯಿತೆಂಬುದು ಇದನ್ನು ಶೋಧಿಸಿದ ಪಂಡಿತರಲ್ಲಿ ಬಹುಮಂದಿಯ ಅಭಿಪ್ರಾಯ. ಥಾಯ್‌ಲೆಂಡಿನಲ್ಲಿ ‘ಪ್ಲಾ ಸೋಮ್’ ಎಂಬ ಹೆಸರಿನಿಂದ ಅನ್ನದೊಡನೆ ಹುಳಿಯಿಟ್ಟ ಮೀನು ಈಗಲೂ ಅಂಗಡಿಗಳಲ್ಲಿ ಮಾರಾಟವಾಗುವುದು. ಹೀಗಿರಲು ಥಾಯ್ ಹೋಟೆಲಿನ ಕಟ್ಟೆಯ ಮೇಲೆ ಕುಳಿತ ಸುಷಿಯನ್ನು ಅನ್ಯಳೆಂದು ಹೇಗೆ ಹೇಳುವುದು? ಅವಳು ಬಹುಕಾಲದ ಮೇಲೆ ಅಜ್ಜಿಯ ತವರಿಗೆ ಬಂದ ಮೊಮ್ಮಗಳಂತೆ ಇದ್ದಾಳೆ. ಗುರುತು ಹಿಡಿಯುವವರು ಮಾತ್ರ ಇಲ್ಲ.

ಈ ಎರಡು ದೇಶಗಳ ಅಡಿಗೆಮನೆಗಳನ್ನು ತನ್ನ ಒಂದು ಬಾಳಿನಲ್ಲಿ ಕೂಡಿಸಿದ ಸ್ತ್ರೀಯೊಬ್ಬಳ ಹೆಸರನ್ನು ಇತಿಹಾಸವು ಉಳಿಸಿದೆ. ಸಯಾಮಿನ ಹಳೆಯ ರಾಜಧಾನಿ ಅಯುತ್ಥಯ. ಅಯೋಧ್ಯೆಯ ಹೆಸರೇ ಅದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಜಪಾನೀಯರ ಒಂದು ಕೇರಿಯಿದ್ದಿತು. ೧೬೩೫ರಲ್ಲಿ ಜಪಾನಿನ ಪ್ರಭುಗಳು ಸ್ವದೇಶೀಯರು ಹೊರಕ್ಕೆ ಹೋಗಬಾರದು, ಹೋದವರು ಹಿಂದಿರುಗಬಾರದು ಎಂದು ಆಜ್ಞೆಮಾಡಿದುದರಿಂದ ಆ ಕೇರಿಯವರಿಗೆ ಸಯಾಮೇ ಗತಿಯಾಯಿತು. ಜಪಾನೀ ಪೋರ್ಚುಗೀಸ್ ಮಿಶ್ರವಂಶದಲ್ಲಿ ಹುಟ್ಟಿದ ಮರಿಯಾ ಗುಯೋಮಾರ್ ಎಂಬಾಕೆ ರಾಜನ ಪ್ರಬಲ ಮಂತ್ರಿಯಾಗಿದ್ದ ಗ್ರೀಕನೊಬ್ಬನ ಹೆಂಡತಿಯಾದಳು. ೧೬೮೮ರ ರಾಜ್ಯಕ್ರಾಂತಿಯಲ್ಲಿ ಗಂಡನು ವಧೆಯಾದನು. ಆಕೆ ದಾಸಿಯಾಗಿ ಅರಮನೆಯ ಅಡಿಗೆಶಾಲೆಯನ್ನು ಸೇರಿದಳು. ಮೊಟ್ಟೆಯ ಹಳದಿಯನ್ನು ಸಕ್ಕರೆಯ ಪಾಕದಲ್ಲಿ ಎಳೆಯೆಳೆಯಾಗಿ ಬಿಡುವ ‘ಫೋಯ್ ಥೋಂಗ್’, ಎಂದರೆ ಚಿನ್ನದ ಎಳೆ, ಎಂಬ ಭಕ್ಷ್ಯವನ್ನು ಸಯಾಮಿಗೆ ಕಲಿಸಿದವಳು ಆಕೆಯೇ ಎಂದು ಥಾಯ್ ಜನರು ಹೇಳುತ್ತಾರೆ. ಅದರ ಮೂಲವು ಪೋರ್ಚುಗಲ್ ದೇಶದ್ದು. ಅದೇ ಭಕ್ಷ್ಯವು ಜಪಾನಿನ ಫುಕುವೋಕದಲ್ಲಿಯೂ ಬೇರೆ ಹೆಸರಿನಿಂದ ಉಂಟು. ಇಂದು ಥಾಯ್‌ಲೆಂಡಿನ ಮದುವೆಗಳಲ್ಲಿ ಶುಭದ ಕುರುಹಾಗಿ ಇಡುವ ಭಕ್ಷ್ಯವು ಒಬ್ಬ ಸಂಕರವಂಶದ ವಿಧವೆಯ ಬಂಧನದ ದಿನಗಳೊಡನೆ ಹೀಗೆ ನೆನಪಿನಲ್ಲಿ ಸೇರಿಕೊಂಡಿದೆ.

ಸಂಸ್ಕೃತವನ್ನು ಬಲ್ಲವರಿಗೆ ಇನ್ನೊಂದು ಸಂತೋಷವುಂಟು. ಥಾಯ್ ಭಾಷೆಯಲ್ಲಿ ಊಟಕ್ಕೆ ‘ಆಹಾನ್’ ಎನ್ನುವರು; ಅದು ಆಹಾರವೆಂಬ ಶಬ್ದವೇ. ಅಮೇರಿಕದಲ್ಲಿ ಸುಷಿಯ ಮೇಲೆ ಸುರಿಯುವ ಖಾರದ ಗೊಜ್ಜಿಗೆ ಹೆಸರು ಕೊಟ್ಟ ಕರಾವಳಿಯ ಊರು ‘ಸಿ ರಾಚಾ’, ಅದು ಶ್ರೀರಾಜ. ಜಪಾನಿನ ಸುಷಿ ಕಟ್ಟುವವರು ಅನ್ನಕ್ಕೆ ‘ಶಾರಿ’ ಎಂಬ ಹೆಸರನ್ನಿಟ್ಟಿರುವರು. ಬುದ್ಧನ ಅಸ್ಥಿಧಾತುಗಳನ್ನು ಹೇಳುವ ‘ಶರೀರ’ ಶಬ್ದದಿಂದ, ಅಗುಳಿನ ಬಿಳುಪನ್ನು ಕಂಡು, ಆ ಹೆಸರು ಬಂದಿತೆಂದು ಅವರು ವಿವರಿಸುವರು. ಒಬ್ಬನ ನಾಲಗೆಯಲ್ಲಿ ಆಹಾರ, ಇನ್ನೊಬ್ಬನ ನಾಲಗೆಯಲ್ಲಿ ಶರೀರ! ಶಬ್ದಗಳು ಯಾವಾಗಲೋ ಸಂಧಿಯಾಗಿವೆ. ಪದಾರ್ಥಗಳು ಈಗ ಸಂಧಿಯಾಗುತ್ತಿವೆ.

ಇಷ್ಟರಿಂದ ಒಂದು ಮಾತು ಸಿದ್ಧವಾಯಿತು: ಬೆರಕೆಯೆಂಬ ಮಾತ್ರದಿಂದಲೇ ಯಾವ ಪಾಕವೂ ದುಷ್ಟವಲ್ಲ. ಆದರೆ ಇಷ್ಟಕ್ಕೇ ನಿಲ್ಲುವವನು ಅರ್ಧದಾರಿಯಲ್ಲಿ ನಿಂತಂತಾಗುವುದು. ಎಲ್ಲವೂ ಸಂಕರವೇ ಆದರೆ ಹೇಗೆ ಕಲಸಿದರೂ ಸರಿ ಎಂದು ಸ್ವೇಚ್ಛಾಚಾರಿಗಳು ಹೇಳಬಹುದು. ಎಲ್ಲ ಮನುಷ್ಯರೂ ಸಾಯುವರೆಂಬುದರಿಂದ ಕೊಲ್ಲುವುದು ತಪ್ಪಲ್ಲವೆಂದು ಸಿದ್ಧವಾಗುವುದೆ? ಕಾಲವು ನಿಧಾನವಾಗಿ ಮಾಡಿದ ಬೆರಕೆಗೂ ಅವಸರದಲ್ಲಿ ಮಾಡಿದ ಬೆರಕೆಗೂ ಭೇದವಿದೆ. ಮೀನನ್ನೂ ಹಾಲನ್ನೂ ಒಟ್ಟಿಗೆ ಸೇವಿಸಬಾರದೆಂದು ಚರಕಸಂಹಿತೆಯು ವಿಧಿಸಿದೆಯಾದರೂ, ಬೆರಸುವುದನ್ನೇ ನಿಷೇಧಿಸಿಲ್ಲ. ಯಾವುದು ಯಾವುದರೊಡನೆ ವಿರೋಧಿಸುವುದು ಎಂಬ ವಿವೇಕವನ್ನು ಮಾತ್ರ ಅದು ಬೇಡುತ್ತದೆ.

ಈ ವಿವೇಕಕ್ಕೆ ಆಲಂಕಾರಿಕರ ಒಂದು ವಿಭಾಗವು ಬಹಳ ಸಹಾಯಕವಾಗಿದೆ. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಕೂಡಿದಾಗ, ಎಳ್ಳೂ ಅಕ್ಕಿಯೂ ಬೆರೆತಂತೆ ಬೇರೆ ಬೇರೆಯಾಗಿ ಕಾಣುತ್ತಿದ್ದರೆ ಅದನ್ನು ಸಂಸೃಷ್ಟಿಯೆನ್ನುವರು. ಹಾಲೂ ನೀರೂ ಬೆರೆತಂತೆ ಬಿಡಿಸಲಾಗದೆ ಹೋದರೆ ಸಂಕರವೆನ್ನುವರು. ಎರಡೂ ಕಾವ್ಯಕ್ಕೆ ಭೂಷಣವೇ. ಒಂದೇ ಮೇಜಿನ ಮೇಲೆ ಸುಷಿಯ ತಟ್ಟೆಯೂ ಥಾಯ್ ಸಾರಿನ ಬಟ್ಟಲೂ ಅಕ್ಕಪಕ್ಕದಲ್ಲಿದ್ದರೆ ಅದು ಸಂಸೃಷ್ಟಿ. ಟೋಮ್ ಯಾಮ್ ಸಾರಿನೊಳಗೆ ರಾಮೆನ್ ಶಾವಿಗೆ ಬೆಂದರೆ ಅದು ಸಂಕರ. ಆದರೆ ಎರಡನ್ನೂ ಸಾಧಿಸುವುದಕ್ಕೆ ಕವಿಯು ಎರಡು ಅಲಂಕಾರಗಳನ್ನೂ ಬಲ್ಲವನಾಗಿರಬೇಕು. ಭರತಮುನಿಯು ರಸದ ಲಕ್ಷಣವನ್ನು ವಿವರಿಸುವಾಗ ಅಡಿಗೆಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡನಲ್ಲವೆ? ನಾನಾ ದ್ರವ್ಯಗಳು ಕೂಡಿ, ಯಾವ ಒಂದು ದ್ರವ್ಯದಲ್ಲಿಯೂ ಇಲ್ಲದ ಹೊಸ ರುಚಿಯು ಹುಟ್ಟಬೇಕು. ಅದು ಹುಟ್ಟಿದರೆ ಬೆರಕೆಯು ಪಾಕವಾಯಿತು, ಹುಟ್ಟದಿದ್ದರೆ ಕಲಬೆರಕೆಯಾಯಿತು. ಥಾಯ್ ಅಡಿಗೆಯ ಮೀನಿನ ಉಪ್ಪುನೀರಿನಲ್ಲಿಯೂ, ಜಪಾನಿನ ಒಣಮೀನು ಕಡಲಪಾಚಿಗಳ ತಿಳಿಸಾರಿನಲ್ಲಿಯೂ ಇರುವ ಗಾಢವಾದ ರುಚಿಯು ಒಂದೇ ಜಾತಿಯದು. ೧೯೦೮ರಲ್ಲಿ ಇಕೆದ ಕಿಕುನಾಯೆ ಎಂಬ ಜಪಾನೀ ರಸಾಯನಶಾಸ್ತ್ರಜ್ಞನು ಅದನ್ನು ಕಡಲಪಾಚಿಯಿಂದ ಬೇರ್ಪಡಿಸಿ ‘ಉಮಾಮಿ’ ಎಂದು ಹೆಸರಿಟ್ಟನು. ಇದನ್ನರಿತು ಬೆರಸುವವನ ಕೈಯಲ್ಲಿ ಎರಡು ಅಡಿಗೆಗಳು ಕೂಡುವುದು ಸಹಜ. ಅರಿಯದೆ, ಖಾರದ ಗೊಜ್ಜನ್ನು ಎಲ್ಲದರ ಮೇಲೂ ಸುರಿಯುವವನ ಕೈಯಲ್ಲಿ ಎರಡೂ ಕೆಡುವುದು ನಿಶ್ಚಯ.

ಜ್ಞಾನವು ಒಂದು ನಿಯಮವಾದರೆ ಸತ್ಯವು ಎರಡನೆಯದು, ಮೊದಲಿನದಕ್ಕಿಂತ ದೊಡ್ಡದು. ವಾಸಬಿ ಎಂಬುದು ಜಪಾನಿನ ಬೆಟ್ಟದ ತೊರೆಗಳಲ್ಲಿ ಕಷ್ಟದಿಂದ ಬೆಳೆಯುವ ಖಾರದ ದಂಟು, ಬಹಳ ಬೆಲೆಯದು. ಅದರ ಹೆಸರಿನಲ್ಲಿ ಸಾಮಾನ್ಯ ಹೋಟೆಲುಗಳಲ್ಲಿ ಬಡಿಸುವುದು ಬೇರೊಂದು ಖಾರದ ಬೇರನ್ನೂ ಸಾಸಿವೆಯನ್ನೂ ಅರೆದು ಹಸುರು ಬಣ್ಣ ಹಾಕಿದ ಮುದ್ದೆ. ಏಡಿಯೆಂದು ಸುರುಳಿಯೊಳಗಿಡುವುದು ಬಹುಸಾರಿ ಬಿಳಿಮೀನಿನ ಮಾಂಸಕ್ಕೆ ಕೆಂಪು ಬಣ್ಣ ಹಚ್ಚಿದ ಕಡ್ಡಿ. ಬಡವನಿಗೂ ಎಟುಕಲೆಂದು ಬದಲಿ ವಸ್ತುವನ್ನು ಹಾಕುವುದು ತಪ್ಪಲ್ಲ. ಬದಲಿಯೆಂದು ಹೇಳದಿರುವುದು ತಪ್ಪು. ಸಂಕರವು ದೋಷವಾಗುವುದು ಇಲ್ಲಿ. ಎರಡು ದೇಶಗಳು ಕೂಡಿದಾಗ ಅಲ್ಲ, ಹೆಸರೂ ವಸ್ತುವೂ ಅಗಲಿದಾಗ.

ಈ ತತ್ತ್ವದ ಭಾರವು ಎಷ್ಟೆಂಬುದು ವ್ರತವುಳ್ಳವರು ಆ ಮೇಜಿಗೆ ಬಂದಾಗ ತಿಳಿಯುವುದು. ಮೈಸೂರು ಸೀಮೆಯ ವೃದ್ಧಮಾತೆಯೊಬ್ಬರು ಅಮೇರಿಕದಲ್ಲಿರುವ ಮಗನ ಮನೆಗೆ ಹೋಗಿ, ಮೊಮ್ಮಕ್ಕಳ ಬಲವಂತಕ್ಕೆ ಇಂತಹ ಹೋಟೆಲಿಗೆ ಬಂದರೆಂದು ಊಹಿಸಬಹುದು. “ಅಮ್ಮ, ನಿಮಗೆ ತರಕಾರಿಯದೇ ತರಿಸುತ್ತೇನೆ” ಎಂದು ಮಗನು ಹೇಳುತ್ತಾನೆ. “ಆಗಲಿ ಮಗು. ಆದರೆ ಅದರೊಳಗೆ ಏನೇನು ಬಿದ್ದಿದೆಯೋ ಒಂದು ಮಾತು ಕೇಳಿಬಿಡು” ಎನ್ನುತ್ತಾರೆ ತಾಯಿ. ಬಡಿಸುವ ಹುಡುಗಿಯು, ತರಕಾರಿ ಮತ್ತು ಸೋಯಾ ಗಿಣ್ಣು, ಬೇರೇನೂ ಇಲ್ಲವೆನ್ನುತ್ತಾಳೆ. ಕಣ್ಣಿಗೆ ಕಾಣುವುದನ್ನು ಆಕೆ ಹೇಳಿದಳು, ಸುಳ್ಳಲ್ಲ. ಆದರೆ ಮಗನು ಮತ್ತೆ ಕೇಳಲು, ಒಳಗಿನಿಂದ ಯಜಮಾನನೇ ಬರುತ್ತಾನೆ. ಮಸಾಲೆಯಲ್ಲಿ ಸಿಗಡಿಯನ್ನು ಕುಟ್ಟಿದೆ, ಪಲ್ಯಕ್ಕೆ ಮೀನಿನ ಉಪ್ಪುನೀರು ಬಿದ್ದಿದೆ, ತೆಂಪುರದ ಜತೆಯ ರಸವು ಒಣಮೀನಿನದು, ಇವನ್ನು ಈಗ ಬೇರ್ಪಡಿಸಲಾಗದು ಎಂದು ಒಂದೊಂದಾಗಿ ತಿಳಿಸುತ್ತಾನೆ. ತಮ್ಮ ದೇಶದಲ್ಲಿಯೂ ವರ್ಷಕ್ಕೊಮ್ಮೆ ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಿನಲ್ಲಿ ಮಾಂಸವನ್ನು ಬಿಡುವ ವ್ರತವುಂಟು, ಆ ದಿನಗಳಲ್ಲಿ ಅಂಗಡಿಗಳ ಮುಂದೆ ಹಳದಿಯ ಬಾವುಟ ಕಟ್ಟುವರು, ತನ್ನ ತಾಯಿಯೂ ಅದನ್ನು ನಡೆಸುತ್ತಿದ್ದಳು ಎನ್ನುತ್ತಾನೆ. ಕಡೆಗೆ ಬಿಳಿಯ ಅನ್ನ, ಬೇರೆ ಬಾಣಲೆಯಲ್ಲಿ ಉಪ್ಪು ಮಾತ್ರ ಹಾಕಿ ಬಾಡಿಸಿದ ಕಾಯಿಪಲ್ಯ, ಸೌತೆಕಾಯಿಯ ಸುರುಳಿ ಇಷ್ಟನ್ನು ಮಾಡಿಸಿ ತಂದಿಡುತ್ತಾನೆ. ತಾಯಿಯ ಊಟವು ಸಪ್ಪೆಯಾಯಿತು; ಮನಸ್ಸು ತುಂಬಿತು.

ಆತನು ಸುಮ್ಮನಿದ್ದಿದ್ದರೆ ಯಾರಿಗೆ ತಿಳಿಯುತ್ತಿದ್ದಿತು? ಬೆಲೆಯ ತಿನಿಸೊಂದು ಮಾರಾಟವಾಗುತ್ತಿದ್ದಿತು. ತಾಯಿಯು ರುಚಿಯಾಗಿದೆಯೆಂದು ಹೊಗಳುತ್ತಲೂ ಇದ್ದರು. ತಿಳಿಯದೆ ತಿಂದುದರಲ್ಲಿ ಆಕೆಗೆ ದೋಷವಿಲ್ಲವೆಂದು ಶಾಸ್ತ್ರಜ್ಞರು ಸಮಾಧಾನ ಹೇಳಬಹುದು. ತಿಳಿದು ಬಡಿಸಿದವನಿಗೆ ಆ ಸಮಾಧಾನವಿಲ್ಲ. ಅನ್ನವನ್ನಿಡುವವನ ಕೈಯಲ್ಲಿ ಉಣ್ಣುವವನ ಪ್ರಾಣವೂ ಮಾನವೂ ಇರುವುವು. ಅಡಿಗೆಗಳು ಬೆರೆತಷ್ಟೂ ತಟ್ಟೆಯಲ್ಲಿ ಕಾಣದ ವಸ್ತುಗಳು ಹೆಚ್ಚುವುವು. ಕಾಣದ ವಸ್ತುಗಳು ಹೆಚ್ಚಿದಷ್ಟೂ ಹೇಳುವವನ ಸತ್ಯವು ಹೆಚ್ಚಬೇಕು. ಕೇಳುವುದು ಅತಿಥಿಯ ಕರ್ತವ್ಯ, ಮರೆಮಾಚದೆ ಹೇಳುವುದು ಆತಿಥೇಯನ ಕರ್ತವ್ಯ. ಈ ಎರಡು ಕರ್ತವ್ಯಗಳು ನಡೆದ ಮನೆಯಲ್ಲಿ ಯಾವ ಪಾಕವೂ ಯಾರನ್ನೂ ಕೆಡಿಸಲಾರದು.

ಪೂರ್ವಪಕ್ಷದವರ ವ್ಯಥೆಗೆ ಇಲ್ಲಿಯೇ ಸಮಾಧಾನವಿದೆ. ತನ್ನದು ಕಳೆದುಹೋಗುವುದು ಇನ್ನೊಂದರೊಡನೆ ಸೇರಿದುದರಿಂದಲ್ಲ. ಯಾರಿಂದ ಬಂದಿತೆಂಬುದನ್ನು ಮರೆತುದರಿಂದ. ಸುಷಿಗೆ ಮೆಕಾಂಗಿನ ಋಣವುಂಟು. ಥಾಯ್ ಸಾರಿಗೆ ಅಮೇರಿಕಾ ಖಂಡದ ಋಣವುಂಟು. ಈಗ ಆ ಸಾರೂ ಆ ಸುಷಿಯೂ ಅದೇ ಖಂಡದಲ್ಲಿ ಒಂದೇ ಮೇಜಿಗೆ ಬಂದಿವೆ. ಹಿರಿಯನು ಮಕ್ಕಳಿಗೆ ಹೊಸ ತಿನಿಸನ್ನು ಬೇಡವೆನ್ನುವುದಕ್ಕಿಂತ, ಅದರಲ್ಲಿ ಅಜ್ಜಿಯ ಒರಳಿನದು ಯಾವುದು, ನೆರೆಯವರ ಕಟ್ಟೆಯದು ಯಾವುದು ಎಂದು ಹೇಳಿಕೊಟ್ಟರೆ ಅವನ ನೆನಪು ಅವನೊಡನೆ ಮುಗಿಯುವುದಿಲ್ಲ. ಕಿರಿಯರೂ ಕೂಡ, ಹಳೆಯ ಅಡಿಗೆಯನ್ನು ಅದರ ಸ್ವಂತ ರೂಪದಲ್ಲಿ ಒಮ್ಮೆಯಾದರೂ ಉಂಡು ತಿಳಿದ ಮೇಲೆ ಬೆರಸುವುದು ಯೋಗ್ಯ. ಋಣವನ್ನು ಅರಿತು ಬೆರಸಿದರೆ ಸಂಕರವು ಸಂಬಂಧವಾಗುವುದು. ಅರಿಯದೆ ಬೆರಸಿದರೆ ಬರಿಯ ವ್ಯಾಪಾರವಾಗುವುದು.

ಥಾಯ್‌ಲೆಂಡಿನಲ್ಲಿ ಪರಿಚಿತರು ಎದುರಾದಾಗ, “ಅನ್ನ ಉಂಡಿರಾ?” ಎಂದು ಕುಶಲ ಕೇಳುವ ವಾಡಿಕೆಯುಂಟು. ಜಪಾನಿನಲ್ಲಿ ತುತ್ತನ್ನೆತ್ತುವ ಮೊದಲು, ತಲೆಬಾಗಿ ಸ್ವೀಕರಿಸುತ್ತೇನೆಂಬ ಅರ್ಥದ ಒಂದು ಮಾತನ್ನು ಹೇಳುವರು. ಕನ್ನಡ ನಾಡಿನ ಜಗಲಿಯ ಮೇಲೆ “ಊಟವಾಯಿತೆ?” ಎಂಬ ಪ್ರಶ್ನೆಯು ಎಂದಿನಿಂದಲೂ ಇದೆ. ಇನ್ನೊಬ್ಬನ ಹಸಿವನ್ನು ವಿಚಾರಿಸುವುದು, ಕೊಟ್ಟುದನ್ನು ವಿನಯದಿಂದ ಸ್ವೀಕರಿಸುವುದು. ಈ ಎರಡರಲ್ಲಿ ಭೋಜನಧರ್ಮವೆಲ್ಲವೂ ಅಡಗಿದೆ. ಇವು ಉಳಿದಿರುವವರೆಗೆ ಯಾವ ದೇಶದ ಸಾರಿನಲ್ಲಿ ಯಾವ ದೇಶದ ಶಾವಿಗೆ ಬಿದ್ದರೂ ಮನುಷ್ಯನು ಉಣ್ಣುತ್ತಿರುವುದು ಅನ್ನವನ್ನೇ.